ಸಮರೇಖೆಗಳ ಆಯ್ಕೆ: ಗಣಕಯಂತ್ರದ ಮಳೆನಕ್ಷೆಗಳನ್ನು ಕುರಿತು ಕೆಲವು ವಿಚಾರಗಳು

1

ಚರಿತ್ರೆಯ ಅಧ್ಯಾಪಕರು ಹವಾಮಾನದ ನಕ್ಷೆಗಳನ್ನು ಕುರಿತು ಬರೆಯಹೊರಡುವುದು ಕೆಲವು ವಾಚಕರಿಗೆ ಅನಧಿಕಾರ ಪ್ರವೇಶವೆಂದು ತೋರಬಹುದು. ಆದರೆ ನಮ್ಮ ನಾಡಿನ ಕೆರೆಕಟ್ಟೆಗಳ ನಿರ್ಮಾಣ, ಭೂಕಂದಾಯದ ದರ, ಬೆಳೆಗಳ ಹಂಚಿಕೆ, ಜನರ ವಲಸೆ, ಕ್ಷಾಮ – ಇವುಗಳಲ್ಲಿ ಯಾವುದನ್ನು ವಿವರಿಸಹೊರಟರೂ ಮಳೆಯ ಲೆಕ್ಕವಿಲ್ಲದೆ ವಿವರಣೆ ಪೂರ್ಣವಾಗುವುದಿಲ್ಲ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನೂ ನೆರೆಯ ಪ್ರಾಂತಗಳನ್ನೂ ಹಿಂಸಿಸಿದ ಮಹಾಕ್ಷಾಮವನ್ನು ಪಾಠ ಹೇಳುವಾಗ, ಮಲೆನಾಡಿನಲ್ಲಿ ಎಷ್ಟು ಮಳೆ, ಬಯಲುಸೀಮೆಯಲ್ಲಿ ಎಷ್ಟು ಮಳೆ, ಇವೆರಡರ ನಡುವೆ ಬದಲಾವಣೆ ಎಲ್ಲಿ ಆಗುತ್ತದೆ ಎಂಬುದನ್ನು ನಕ್ಷೆಯಲ್ಲಿ ತೋರಿಸದೆ ಮುಂದೆ ಹೋಗುವುದು ಸಾಧ್ಯವಿಲ್ಲ.

ಹಿಂದೆ ಇಂತಹ ನಕ್ಷೆಗಳನ್ನು ಸರ್ಕಾರದ ಇಲಾಖೆಗಳು ಅಚ್ಚು ಮಾಡಿಸುತ್ತಿದ್ದುವು. ಅಧ್ಯಾಪಕರು ಅವುಗಳನ್ನು ಗೋಡೆಗೆ ತೂಗುಹಾಕಿ ತೃಪ್ತರಾಗುತ್ತಿದ್ದರು. ಈಗ ಪರಿಸ್ಥಿತಿ ಬೇರೆಯಾಗಿದೆ. ಭಾರತ ಹವಾಮಾನ ಇಲಾಖೆಯ ಪುಣೆಯ ಕಛೇರಿ 1901ರಿಂದ ಮೊದಲುಗೊಂಡು ದೇಶದ ದೈನಂದಿನ ಮಳೆಯ ಅಂಕಿಗಳನ್ನು ಚೌಕಜಾಲದ ರೂಪದಲ್ಲಿ ಎಲ್ಲರಿಗೂ ಒದಗಿಸುತ್ತಿದೆ. ಅವುಗಳನ್ನು ನಕ್ಷೆಯಾಗಿ ಪರಿವರ್ತಿಸಲು ಗ್ರ್ಯಾಡ್ಸ್, ಎನ್.ಸಿ.ಎಲ್., ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್ ಮೊದಲಾದ ತಂತ್ರಾಂಶಗಳು ಬೆಲೆಯಿಲ್ಲದೆ ದೊರೆಯುತ್ತವೆ. ಆದಕಾರಣ ನಕ್ಷೆಯನ್ನು ಓದುವವರಾಗಿದ್ದ ನಾವು ನಕ್ಷೆಯನ್ನು ರಚಿಸುವವರಾಗಿದ್ದೇವೆ. ರಚಿಸುವವರ ಹೊಣೆಯೂ ನಮ್ಮ ಮೇಲೆ ಬಿದ್ದಿದೆ.

ಈ ಹೊಣೆಯ ಅರಿವು ನಮಗೆ ತರಗತಿಯಲ್ಲಿಯೇ ಆಯಿತು. ರಾಜ್ಯದ ವಾರ್ಷಿಕ ಸರಾಸರಿ ಮಳೆಯ ನಕ್ಷೆಯೊಂದನ್ನು, ತಂತ್ರಾಂಶವು ತಾನಾಗಿ ಗೊತ್ತುಪಡಿಸಿದ ರೇಖೆಗಳನ್ನೂ ಬಣ್ಣಗಳನ್ನೂ ಹಾಗೆಯೇ ಇಟ್ಟುಕೊಂಡು, ವಿದ್ಯಾರ್ಥಿಗಳ ಮುಂದೆ ಪ್ರದರ್ಶಿಸಿದ್ದೆವು. ಪಶ್ಚಿಮದಲ್ಲಿ ವರ್ಣವೈಭವ, ಪೂರ್ವದಲ್ಲಿ ಒಂದೇ ತಿಳಿನೀಲಿ. ಚಳ್ಳಕೆರೆಯ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಹಾಗಾದರೆ ಬೆಂಗಳೂರಿಗೂ ನಮ್ಮ ಊರಿಗೂ ಮಳೆ ಒಂದೇ ಏನು?" ಎಂದು ಕೇಳಿದನು. ನಕ್ಷೆಯ ಪ್ರಕಾರ ಒಂದೇ ಆಗಿತ್ತು, ವಸ್ತುಸ್ಥಿತಿ ಹಾಗಿರಲಿಲ್ಲ. ಬೆಂಗಳೂರಿನ ವಾರ್ಷಿಕ ಸರಾಸರಿ 1000 ಮಿಲಿಮೀಟರಿಗೆ ತುಸು ಕಡಿಮೆ. ಚಳ್ಳಕೆರೆಯದು 500ರ ಆಸುಪಾಸು. ಅಂಕಿಗಳು ತಪ್ಪಾಗಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಆಯ್ಕೆ ಮಾಡಬೇಕಾಗಿದ್ದ ಕಡೆಯಲ್ಲಿ ನಾವು ಆಯ್ಕೆ ಮಾಡಿರಲಿಲ್ಲ. ಆ ಆಯ್ಕೆಗಳು ಯಾವುವು, ಅವುಗಳನ್ನು ಮಾಡುವ ಬಗೆ ಹೇಗೆ ಎಂಬುದನ್ನು ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಸಮಾನ ಬೆಲೆಯುಳ್ಳ ಸ್ಥಳಗಳನ್ನು ಕೂಡಿಸಿ ಎಳೆದ ರೇಖೆಯೇ ಸಮರೇಖೆ. ಸಮಾನ ಎತ್ತರದ ಸ್ಥಳಗಳನ್ನು ಕೂಡಿಸಿದರೆ ಸಮೋನ್ನತಿರೇಖೆ, ಸಮಾನ ಉಷ್ಣತೆಯವನ್ನು ಕೂಡಿಸಿದರೆ ಸಮೋಷ್ಣರೇಖೆ, ಸಮಾನ ವಾಯುಭಾರದವನ್ನು ಕೂಡಿಸಿದರೆ ಸಮಭಾರರೇಖೆ, ಸಮಾನ ಮಳೆಯವನ್ನು ಕೂಡಿಸಿದರೆ ಸಮವೃಷ್ಟಿರೇಖೆ.

ಈ ಉಪಾಯದ ಚರಿತ್ರೆ ಸ್ವಾರಸ್ಯವಾದದ್ದು. ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ 'ಪ್ಯಾರಮೋರ್' ಎಂಬ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ಸುತ್ತಿ, ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಎಲ್ಲೆಲ್ಲಿ ಎಷ್ಟೆಷ್ಟು ಓರೆಯಾಗುತ್ತದೆಂಬುದನ್ನು ಅಳೆದು, 1701ರಲ್ಲಿ ಸಮಾನ ಓರೆಯ ರೇಖೆಗಳ ನಕ್ಷೆಯನ್ನು ಪ್ರಕಟಿಸಿದನು. ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟನು 1817ರಲ್ಲಿ ಸಮೋಷ್ಣರೇಖೆಗಳ ಚಿತ್ರವನ್ನು ಹೊರತಂದನು. ಆ ಚಿತ್ರದಲ್ಲಿ ಖಂಡಗಳ ಅಂಚುಗಳೇ ಇರಲಿಲ್ಲ. ಅಕ್ಷಾಂಶ ರೇಖಾಂಶಗಳ ಜಾಲದ ಮೇಲೆ ಕೆಲವೇ ಊರುಗಳ ಹೆಸರುಗಳೂ ಬಾಗಿದ ರೇಖೆಗಳೂ ಇದ್ದುವು. ಬೆರಳೆಣಿಕೆಯ ಸ್ಥಳಗಳ ಅಂಕಿಗಳಿಂದ ಅರ್ಧಗೋಳದ ಉಷ್ಣತೆಯನ್ನು ಊಹಿಸಿದ ಸಾಹಸ ಅದು.

ಭಾರತದಲ್ಲಿ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪಿತವಾಯಿತು. 1864ರ ಕಲ್ಕತ್ತೆಯ ಚಂಡಮಾರುತವೂ ಅದರ ಬೆನ್ನಿಗೆ ಬಂದ ಮಳೆಯ ವೈಫಲ್ಯಗಳೂ ಅದಕ್ಕೆ ಪ್ರೇರಕವಾದುವು. ಅದರ ಮೊದಲ ಮುಖ್ಯಾಧಿಕಾರಿ ಹೆನ್ರಿ ಬ್ಲ್ಯಾನ್‌ಫರ್ಡನು 1880ರ ದಶಕದಲ್ಲಿ ಭಾರತದ ಮಳೆಯನ್ನು ಕುರಿತು ವಿಸ್ತಾರವಾದ ಗ್ರಂಥವನ್ನು ರಚಿಸಿದನು. ಅವನ ಉತ್ತರಾಧಿಕಾರಿ ಜಾನ್ ಎಲಿಯಟ್ಟನ ಹವಾಮಾನ ನಕ್ಷಾಸಂಪುಟ 1906ರಲ್ಲಿ ಪ್ರಕಟವಾಯಿತು. ಆ ಕಾಲದ ನಕ್ಷೆಗಳನ್ನು ಮನುಷ್ಯನ ಕೈ ಬರೆಯುತ್ತಿತ್ತು. ಎರಡು ಮಳೆಮಾಪಕಗಳ ನಡುವೆ ರೇಖೆಯನ್ನು ಎಲ್ಲಿ ಹಾಯಿಸಬೇಕು, ಬೆಟ್ಟವಿದ್ದ ಕಡೆ ಎಷ್ಟು ಬಾಗಿಸಬೇಕು, ಎಷ್ಟು ಅಂಗುಲಕ್ಕೊಂದು ರೇಖೆ ಇಡಬೇಕು ಎಂಬುದನ್ನು ಬರೆಯುವವನು ಆಲೋಚಿಸಿಯೇ ನಿರ್ಧರಿಸಬೇಕಾಗಿತ್ತು. ಇಂದು ಅದೇ ನಿರ್ಧಾರಗಳನ್ನು ಯಂತ್ರವು ಕ್ಷಣಾರ್ಧದಲ್ಲಿ ನಮ್ಮ ಪರವಾಗಿ ಮಾಡಿಬಿಡುತ್ತದೆ. ನಿರ್ಧಾರಗಳು ಇಲ್ಲವಾಗಿಲ್ಲ, ಕಣ್ಣಿಗೆ ಕಾಣದಂತಾಗಿವೆ, ಅಷ್ಟೆ.

3

ಯಂತ್ರವು ರೇಖೆಯನ್ನು ಎಳೆಯುವ ಕ್ರಮವನ್ನು ಒಂದು ಉದಾಹರಣೆಯಿಂದ ವಿಶದಪಡಿಸಬಹುದು. ಇಲಾಖೆಯ ಜಾಲದಲ್ಲಿ ಬಿಂದುವಿನಿಂದ ಬಿಂದುವಿಗೆ ಕಾಲು ಡಿಗ್ರಿ ಅಂತರ. ನಮ್ಮ ಅಕ್ಷಾಂಶದಲ್ಲಿ ಇದು ಪೂರ್ವಪಶ್ಚಿಮವಾಗಿ ಸುಮಾರು 27 ಕಿಲೋಮೀಟರು. ಒಂದು ಬಿಂದುವಿನಲ್ಲಿ 640 ಮಿಲಿಮೀಟರು, ಅದರ ಪಕ್ಕದ ಬಿಂದುವಿನಲ್ಲಿ 880 ಮಿಲಿಮೀಟರು ಮಳೆಯೆಂದು ಇಟ್ಟುಕೊಳ್ಳೋಣ. ಎರಡರ ವ್ಯತ್ಯಾಸ 240. 640ರಿಂದ 700ಕ್ಕೆ 60. ಎಂದರೆ ವ್ಯತ್ಯಾಸದ ನಾಲ್ಕರಲ್ಲಿ ಒಂದು ಪಾಲು. ಆದ್ದರಿಂದ 700ರ ರೇಖೆ ಮೊದಲ ಬಿಂದುವಿನಿಂದ ದಾರಿಯ ಕಾಲುಭಾಗದಲ್ಲಿ, ಸುಮಾರು 7 ಕಿಲೋಮೀಟರು ದೂರದಲ್ಲಿ ಹಾಯುತ್ತದೆ. ಇದೇ ಲೆಕ್ಕವನ್ನು ಯಂತ್ರವು ಪ್ರತಿಯೊಂದು ಚೌಕದ ಪ್ರತಿಯೊಂದು ಅಂಚಿನಲ್ಲಿಯೂ ಮಾಡಿ, ದೊರೆತ ಬಿಂದುಗಳನ್ನು ಕೂಡಿಸುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಮೊದಲನೆಯದಾಗಿ, ಆ ಏಳನೆಯ ಕಿಲೋಮೀಟರಿನಲ್ಲಿ ಮಳೆಮಾಪಕವಿಲ್ಲ. ಎರಡು ಬಿಂದುಗಳ ನಡುವೆ ಮಳೆ ಒಂದೇ ಸಮನೆ ಏರುತ್ತದೆಂಬ ಊಹೆಯ ಮೇಲೆ ರೇಖೆ ನಿಂತಿದೆ. ಎರಡನೆಯದಾಗಿ, ಜಾಲದ ಬಿಂದುಗಳಲ್ಲಿರುವ ಬೆಲೆಗಳೂ ನೇರವಾಗಿ ಅಳೆದವಲ್ಲ. ಸುತ್ತಮುತ್ತಣ ಮಾಪಕಗಳ ಅಂಕಿಗಳಿಗೆ, ಹತ್ತಿರದ್ದಕ್ಕೆ ಹೆಚ್ಚು, ದೂರದ್ದಕ್ಕೆ ಕಡಿಮೆ ಎಂಬ ನಿಯಮದಿಂದ ತೂಕ ಕೊಟ್ಟು ಪಡೆದವು. ಈ ಜಾಲವನ್ನು ಸಿದ್ಧಪಡಿಸಲು ದೇಶದ 6955 ಮಾಪನಕೇಂದ್ರಗಳ ದಾಖಲೆಗಳನ್ನು ಬಳಸಿದ್ದಾರೆ; ಆದರೆ ಎಲ್ಲ ಕೇಂದ್ರಗಳೂ ಎಲ್ಲ ವರ್ಷಗಳಲ್ಲಿಯೂ ಇದ್ದವಲ್ಲ. ಶಾಸನಗಳು ದೊರೆತ ಊರುಗಳನ್ನು ಗುರುತು ಮಾಡಿ, ಅವುಗಳ ನಡುವೆ ಒಂದು ರಾಜ್ಯದ ಗಡಿಯನ್ನು ಎಳೆಯುವ ಚರಿತ್ರಕಾರನಿಗೆ ಈ ಸ್ಥಿತಿ ಹೊಸದಲ್ಲ. ಶಾಸನ ದೊರೆತ ಊರು ಪ್ರಮಾಣ. ಊರುಗಳ ನಡುವಣ ಗಡಿ ಅನುಮಾನ. ಮಳೆಯ ನಕ್ಷೆಯಲ್ಲಿಯೂ ಮಾಪಕವೇ ಪ್ರಮಾಣ, ರೇಖೆ ಅನುಮಾನ.

ಅನುಮಾನವನ್ನು ಅಲಂಕರಿಸುವ ಸೌಲಭ್ಯವೂ ತಂತ್ರಾಂಶಗಳಲ್ಲಿ ಉಂಟು. ಕಾಲು ಡಿಗ್ರಿಯ ಜಾಲದಿಂದ ಹುಟ್ಟಿದ ರೇಖೆಗಳು ಮೂಲೆಮೂಲೆಯಾಗಿ ಒಡ್ಡಾಗಿ ಕಾಣುತ್ತವೆ. ಗ್ರ್ಯಾಡ್ಸಿನಲ್ಲಿ 'ಸಿಸ್ಮೂತ್' ಎಂಬ ಆದೇಶವನ್ನು ಕೊಟ್ಟರೆ ಅದು ಜಾಲವನ್ನು ಘನಸಮೀಕರಣದ ಮೂಲಕ ಇನ್ನಷ್ಟು ಸೂಕ್ಷ್ಮಗೊಳಿಸಿ, ಬಳಿಕ ರೇಖೆಗಳನ್ನು ಎಳೆಯುತ್ತದೆ. ರೇಖೆಗಳು ನಯವಾಗಿ ಹರಿಯುತ್ತವೆ. ಆದರೆ ಹೀಗೆ ನಯಗೊಳಿಸಿದ ಬೆಲೆಗಳು ಮೂಲದ ಗರಿಷ್ಠವನ್ನೂ ಕನಿಷ್ಠವನ್ನೂ ಮೀರಿಹೋಗಬಹುದು. ಮಳೆಯಿಲ್ಲದ ಪ್ರದೇಶವು ಭಾರಿ ಮಳೆಯ ಪ್ರದೇಶಕ್ಕೆ ಒತ್ತಿಕೊಂಡಿರುವಲ್ಲಿ, ಸೊನ್ನೆಗಿಂತ ಕಡಿಮೆ ಮಳೆಯನ್ನು ತೋರಿಸುವ ರೇಖೆಯೂ ಹುಟ್ಟಬಹುದು. ಆ ತಂತ್ರಾಂಶದ ಕೈಪಿಡಿಯೇ ಈ ಎಚ್ಚರಿಕೆಯನ್ನು ಕೊಟ್ಟಿದೆ. ಋಣಮಳೆ ಬೀಳುವ ದೇಶ ಲೋಕದಲ್ಲಿಲ್ಲ. ಆದ್ದರಿಂದ ಮಳೆಯ ನಕ್ಷೆಯನ್ನು ನಯಗೊಳಿಸುವುದಾದರೆ ಇದೇ ಆದೇಶದ ಸರಳರೇಖಾ ಕ್ರಮವನ್ನು ಬಳಸುವುದು ಕ್ಷೇಮ. ಸಂಶಯವಿದ್ದಾಗ, ಒಂದೊಂದು ಚೌಕಕ್ಕೂ ಅದರದೇ ಬಣ್ಣವನ್ನು ತುಂಬುವ 'ಜಿಆರ್‌ಫಿಲ್' ಕ್ರಮದಿಂದ ಇನ್ನೊಂದು ನಕ್ಷೆಯನ್ನು ಬರೆಸಿ ಹೋಲಿಸಿ ನೋಡುವುದು ಉತ್ತಮ.

ಇನ್ನೊಂದು ಅಪಾಯವನ್ನೂ ಹೇಳಬೇಕು. ಜಾಲದಲ್ಲಿ ಸಮುದ್ರದ ಮೇಲೆಯೂ ದೇಶದ ಗಡಿಯ ಆಚೆಯೂ ಅಂಕಿಗಳಿಲ್ಲ. ಅಂತಹ ಬಿಂದುಗಳಲ್ಲಿ −999 ಎಂಬ ಸಂಕೇತವನ್ನು ಬರೆದಿರುತ್ತಾರೆ. ಇದು 'ಅಂಕಿಯಿಲ್ಲ' ಎಂಬುದರ ಗುರುತೆಂದು ಮುಂಚಿತವಾಗಿ ಯಂತ್ರಕ್ಕೆ ತಿಳಿಸದಿದ್ದರೆ, ಅದು ಈ ಸಂಖ್ಯೆಯನ್ನು ನಿಜವಾದ ಮಳೆಯೆಂದೇ ಭಾವಿಸಿ, ಮಂಗಳೂರಿನಿಂದ ಕಾರವಾರದವರೆಗೆ ಕರಾವಳಿಯ ಉದ್ದಕ್ಕೂ ರೇಖೆಗಳ ದಟ್ಟವಾದ ಕಟ್ಟೊಂದನ್ನು ಕಟ್ಟಿಬಿಡುತ್ತದೆ.

4

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಅದರ ಮೂಲವಿರುವುದು ರೇಖೆಗಳ ಮಟ್ಟಗಳ ಆಯ್ಕೆಯಲ್ಲಿ.

ಯಾವ ಆದೇಶವನ್ನೂ ಕೊಡದಿದ್ದರೆ, ತಂತ್ರಾಂಶವು ಅಂಕಿಗಳ ಕನಿಷ್ಠ ಗರಿಷ್ಠಗಳನ್ನು ನೋಡಿ, ಆ ವ್ಯಾಪ್ತಿಯನ್ನು ಗುಂಡಾದ ಸಂಖ್ಯೆಗಳ ಸಮಾನ ಭಾಗಗಳಾಗಿ ಹಂಚುತ್ತದೆ. ಬಹುತೇಕ ಸಂದರ್ಭಗಳಲ್ಲಿ ಇದು ಸಮಂಜಸವೇ. ಆದರೆ ನಮ್ಮ ರಾಜ್ಯದ ಮಳೆಯ ಹಂಚಿಕೆ ಅಸಾಧಾರಣವಾದದ್ದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿದ ಮಳೆ. ಅಲ್ಲಿಂದ ಸರಳರೇಖೆಯಲ್ಲಿ ಸುಮಾರು 190 ಕಿಲೋಮೀಟರು ದೂರದ ಚಳ್ಳಕೆರೆಯಲ್ಲಿ ಅದರ ಹದಿನಾಲ್ಕನೆಯ ಒಂದು ಪಾಲಿನಷ್ಟು. ಇಂತಹ ವ್ಯಾಪ್ತಿಯನ್ನು 1000 ಮಿಲಿಮೀಟರಿಗೊಂದು ರೇಖೆಯಂತೆ ಹಂಚಿದರೆ ರೇಖೆಗಳೆಲ್ಲವೂ ಘಟ್ಟದ ಕಿರಿದಾದ ಪಟ್ಟಿಯಲ್ಲಿ ಒತ್ತೊತ್ತಾಗಿ ಕೂಡುತ್ತವೆ. 1000ಕ್ಕಿಂತ ಕಡಿಮೆ ಮಳೆಯುಳ್ಳ ಒಳನಾಡಿನ ಬಹುಭಾಗ, ಎಂದರೆ ರಾಗಿ ಜೋಳಗಳ ಸೀಮೆ, ಕೆರೆಗಳ ಸೀಮೆ, ಕ್ಷಾಮಗಳ ಸೀಮೆ, ಒಂದೇ ಬಣ್ಣದಲ್ಲಿ ಮುಳುಗಿಹೋಗುತ್ತದೆ. ಆಗುಂಬೆಯಲ್ಲಿ 6000ಕ್ಕೂ 7000ಕ್ಕೂ ಇರುವ ವ್ಯತ್ಯಾಸದಿಂದ ಬೇಸಾಯಗಾರನ ಬಾಳಿನಲ್ಲಿ ಆಗುವ ಬದಲಾವಣೆ ಅಲ್ಪ. 500ಕ್ಕೂ 700ಕ್ಕೂ ಇರುವ ವ್ಯತ್ಯಾಸವಾದರೋ ಬೆಳೆ ಕೈಗೆ ಬರುವುದಕ್ಕೂ ಬಾರದಿರುವುದಕ್ಕೂ ಇರುವ ವ್ಯತ್ಯಾಸವಾಗಬಹುದು. ಯಂತ್ರಕ್ಕೆ ಮೊದಲನೆಯದು ಸಾವಿರ, ಎರಡನೆಯದು ಇನ್ನೂರು. ಆದ್ದರಿಂದ ಮೊದಲನೆಯದಕ್ಕೇ ಅದು ಮಣೆ ಹಾಕುತ್ತದೆ.

ಪರಿಹಾರ ಸುಲಭವಾದದ್ದು. ಗ್ರ್ಯಾಡ್ಸಿನಲ್ಲಿ ರೇಖೆಗಳ ಸಮಾನ ಅಂತರವನ್ನು ಮಾತ್ರ ಬದಲಿಸಲು 'ಸೆಟ್ ಸಿ-ಇಂಟ್' ಎಂಬ ಆದೇಶವಿದೆ. ಬೇಕಾದ ಮಟ್ಟಗಳನ್ನೇ ಒಂದೊಂದಾಗಿ ಹೆಸರಿಸಲು 'ಸೆಟ್ ಸಿ-ಲೆವ್ಸ್' ಎಂಬುದಿದೆ. ಎನ್.ಸಿ.ಎಲ್.ನಲ್ಲಿ ಮಟ್ಟಗಳ ಆಯ್ಕೆಯ ಕ್ರಮವನ್ನು 'ಎಕ್ಸ್‌ಪ್ಲಿಸಿಟ್ ಲೆವೆಲ್ಸ್' ಎಂದು ಗೊತ್ತುಮಾಡಬೇಕು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ 'ಲೆವೆಲ್ಸ್' ಎಂಬ ಪಟ್ಟಿಯನ್ನು ಕೊಟ್ಟರೆ ಸಾಕು. ನಾವು ಎರಡನೆಯ ಸಲ ನಕ್ಷೆಯನ್ನು ರಚಿಸಿದಾಗ 500, 600, 700, 800, 1000, 1500, 2500, 4000 ಎಂಬ ಎಂಟು ಮಟ್ಟಗಳನ್ನು ಇಟ್ಟುಕೊಂಡೆವು. ಎಂಟು ರೇಖೆಗಳ ಎರಡು ಕಡೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ವಲಯಗಳು ಒಂಬತ್ತು. ಆದ್ದರಿಂದ ಒಂಬತ್ತು ಬಣ್ಣಗಳು ಬೇಕು. ರೇಖೆಗಿಂತ ಬಣ್ಣ ಒಂದು ಹೆಚ್ಚು ಎಂಬ ಈ ಸಣ್ಣ ಲೆಕ್ಕವನ್ನು ಮರೆತರೆ ವರ್ಣಸೂಚಿ ನಕ್ಷೆಗೆ ಹೊಂದುವುದಿಲ್ಲ.

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮತ್ತೊಂದು ಎಚ್ಚರ ಅವಶ್ಯ. ಪಟ್ಟಿಯ ಕೊನೆಯ ಮಟ್ಟ 4000 ಆಗಿದ್ದರೆ, ಅದನ್ನು ಮೀರಿದ ಪ್ರದೇಶಕ್ಕೆ ಅದು ಬಣ್ಣವನ್ನೇ ತುಂಬದೆ ಬರಿದಾಗಿ ಬಿಡುತ್ತದೆ. 500ಕ್ಕಿಂತ ಕಡಿಮೆಯಾದುದಕ್ಕೂ ಇದೇ ಗತಿ. ಎಂದರೆ ಅತಿ ಹೆಚ್ಚು ಮಳೆಯ ಊರೂ ಅತಿ ಕಡಿಮೆ ಮಳೆಯ ಊರೂ ಅಂಕಿಗಳೇ ಇಲ್ಲದ ಊರುಗಳಂತೆ ಬಿಳಿಯಾಗಿ ಕಾಣುತ್ತವೆ. 'ಎಕ್ಸ್‌ಟೆಂಡ್' ಎಂಬ ಆಯ್ಕೆಯನ್ನು ಎರಡು ತುದಿಗಳಿಗೂ ಅನ್ವಯಿಸಿದರೆ ಈ ದೋಷ ನಿವಾರಣೆಯಾಗುತ್ತದೆ. ಮಟ್ಟಗಳ ತುದಿ ಎಲ್ಲಿರಬೇಕೆಂಬ ಪ್ರಶ್ನೆ ದೊಡ್ಡ ಇಲಾಖೆಗಳನ್ನೂ ಬಿಟ್ಟಿಲ್ಲ. 2013ರ ಜನವರಿಯ ಉಷ್ಣಮಾರುತದಲ್ಲಿ ಆಸ್ಟ್ರೇಲಿಯದ ಹವಾಮಾನ ಇಲಾಖೆ, 50 ಡಿಗ್ರಿಗೆ ಮುಗಿಯುತ್ತಿದ್ದ ತನ್ನ ಉಷ್ಣತೆಯ ಅಳತೆಪಟ್ಟಿಯನ್ನು ಹೊಸ ಬಣ್ಣಗಳೊಡನೆ 54 ಡಿಗ್ರಿಯವರೆಗೆ ವಿಸ್ತರಿಸಬೇಕಾಯಿತು.

ಅಸಮಾನ ಮಟ್ಟಗಳಿಗೆ ಒಂದು ಬೆಲೆಯನ್ನೂ ತೆರಬೇಕಾಗುತ್ತದೆ. ಸಮಾನ ಅಂತರದ ನಕ್ಷೆಯಲ್ಲಿ ರೇಖೆಗಳು ಒತ್ತಾಗಿದ್ದ ಕಡೆ ಬದಲಾವಣೆ ತೀವ್ರ, ವಿರಳವಾಗಿದ್ದ ಕಡೆ ಮಂದ ಎಂದು ಒಂದೇ ನೋಟದಲ್ಲಿ ತಿಳಿಯಬಹುದು. ಅಸಮಾನ ಅಂತರದ ನಕ್ಷೆಯಲ್ಲಿ ಹೀಗೆ ತಿಳಿಯುವಂತಿಲ್ಲ. 500 ಮತ್ತು 600ರ ರೇಖೆಗಳ ನಡುವಣ ಜಾಗವನ್ನು 2500 ಮತ್ತು 4000ದ ನಡುವಣ ಜಾಗದೊಡನೆ ಹೋಲಿಸಿದರೆ ತಪ್ಪು ಅರ್ಥವಾಗುತ್ತದೆ. ಆದ್ದರಿಂದ ಅಂತರಗಳು ಸಮಾನವಲ್ಲವೆಂಬುದನ್ನು ನಕ್ಷೆಯ ಕೆಳಗೆ ಸ್ಪಷ್ಟವಾಗಿ ಬರೆಯತಕ್ಕದ್ದು.

5

ಬಣ್ಣಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಬಹುಕಾಲ ತಂತ್ರಾಂಶಗಳು ಕಾಮನಬಿಲ್ಲಿನ ವರ್ಣಕ್ರಮವನ್ನೇ ಬಳಸುತ್ತಿದ್ದುವು. ಇದು ನೋಡಲು ಸೊಗಸು. ಆದರೆ ಹಳದಿಯ ಪಟ್ಟಿ ಎಲ್ಲಕ್ಕಿಂತ ಹೊಳೆದು ಕಾಣುವುದರಿಂದ, ಅಂಕಿಗಳಲ್ಲಿ ಇಲ್ಲದ ಗಡಿಯೊಂದು ಅಲ್ಲಿ ಇರುವಂತೆ ಭ್ರಮೆಯಾಗುತ್ತದೆ. ಕಪ್ಪು ಬಿಳುಪಿನಲ್ಲಿ ಅಚ್ಚಾದಾಗಲಂತೂ ಕಡುನೀಲಿಯೂ ಕಡುಗೆಂಪೂ ಒಂದೇ ಬೂದಿಯಾಗಿ, ಕನಿಷ್ಠಕ್ಕೂ ಗರಿಷ್ಠಕ್ಕೂ ಭೇದವಿಲ್ಲದಂತಾಗುತ್ತದೆ. ಕೆಂಪು ಹಸಿರುಗಳ ಭೇದವನ್ನು ಗುರುತಿಸಲಾರದ ವಿದ್ಯಾರ್ಥಿಗಳು ಪ್ರತಿಯೊಂದು ತರಗತಿಯಲ್ಲಿಯೂ ಇರಬಹುದೆಂಬುದನ್ನು ಮರೆಯಬಾರದು. ಈ ಕಾರಣಗಳಿಂದ ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ ಹೊರಬಂದ ತನ್ನ ಎರಡನೆಯ ಮುಖ್ಯ ಆವೃತ್ತಿಯಲ್ಲಿ ಹಳೆಯ ಕ್ರಮವನ್ನು ಬಿಟ್ಟು, ಕಡುನೇರಳೆಯಿಂದ ಹಳದಿಯವರೆಗೆ ಒಂದೇ ಸಮನೆ ಬೆಳಕೇರುವ 'ವಿರಿಡಿಸ್' ಎಂಬ ವರ್ಣಕ್ರಮವನ್ನು ಅಂಗೀಕರಿಸಿತು. ಮಳೆಯ ಮೊತ್ತಕ್ಕೆ ಹೀಗೆ ಒಂದೇ ದಿಕ್ಕಿನಲ್ಲಿ ಏರುವ ಬಣ್ಣಗಳು ತಕ್ಕವು. ವಾಡಿಕೆಗಿಂತ ಹೆಚ್ಚು, ವಾಡಿಕೆಗಿಂತ ಕಡಿಮೆ ಎಂಬುದನ್ನು ತೋರಿಸುವಾಗ ಸೊನ್ನೆಯಲ್ಲಿ ಬಿಳುಪನ್ನಿಟ್ಟು ಎರಡು ಕಡೆಗೂ ಬೇರೆ ಬೇರೆ ಬಣ್ಣಗಳು ಗಾಢವಾಗುತ್ತಾ ಹೋಗುವ ಕ್ರಮ ತಕ್ಕದ್ದು.

ರೇಖೆಗಳ ಮೇಲೆ ಅವುಗಳ ಬೆಲೆಯನ್ನು ಬರೆಯುವುದನ್ನು ಹಲವರು ಅನಾವಶ್ಯಕವೆಂದು ಬಿಡುತ್ತಾರೆ. ಆದರೆ ತನ್ನಲ್ಲಿಯೇ ಮುಚ್ಚಿಕೊಂಡ ರೇಖೆಯೊಂದು ಸುತ್ತಲಿಗಿಂತ ಹೆಚ್ಚು ಮಳೆಯ ದಿಬ್ಬವನ್ನು ಸೂಚಿಸುತ್ತದೆಯೋ, ಕಡಿಮೆ ಮಳೆಯ ಗುಂಡಿಯನ್ನು ಸೂಚಿಸುತ್ತದೆಯೋ ಎಂಬುದು ಬರಿಯ ಗೆರೆಯಿಂದ ತಿಳಿಯದು. ಅಂಕಿಯೋ ಬಣ್ಣವೋ ಅದನ್ನು ಹೇಳಬೇಕು. ಎಲ್ಲ ರೇಖೆಗಳಿಗೂ ಅಂಕಿ ಬರೆದರೆ ನಕ್ಷೆ ಅಂಕಿಗಳ ಕಾಡಾಗುತ್ತದೆ. ಮುಖ್ಯವಾದ ಎರಡು ಮೂರು ರೇಖೆಗಳನ್ನು ದಪ್ಪವಾಗಿ ಬರೆಸಿ, ಅವುಗಳಿಗೆ ಮಾತ್ರ ಅಂಕಿಯನ್ನು ಕೊಡುವುದು ಹಿತವಾದ ಮಾರ್ಗ.

6

ಒಂದೇ ನಕ್ಷೆಯಿಂದ ಚರಿತ್ರೆಯ ವಿದ್ಯಾರ್ಥಿಯ ಕೆಲಸ ತೀರುವುದಿಲ್ಲ. ಅವನು ವರ್ಷದಿಂದ ವರ್ಷಕ್ಕೆ ಹೋಲಿಸಬೇಕು. ಯಂತ್ರದ ಸ್ವಯಮಾಯ್ಕೆ ಅತ್ಯಂತ ಹಾನಿಕರವಾಗುವುದು ಇಲ್ಲಿಯೇ. 2002ರಲ್ಲಿ ದೇಶದ ಮುಂಗಾರು ಮಳೆ ವಾಡಿಕೆಗಿಂತ ಶೇಕಡ 19ರಷ್ಟು ಕಡಿಮೆಯಾಯಿತು. ಆ ವರ್ಷದ ಅಂಕಿಗಳನ್ನೂ ಒಳ್ಳೆಯ ಮಳೆಯಾದ ವರ್ಷವೊಂದರ ಅಂಕಿಗಳನ್ನೂ ಬೇರೆ ಬೇರೆಯಾಗಿ ಯಂತ್ರಕ್ಕೆ ಕೊಟ್ಟರೆ, ಅದು ಎರಡಕ್ಕೂ ಅವುಗಳ ವ್ಯಾಪ್ತಿಗೆ ತಕ್ಕಂತೆ ಬೇರೆ ಬೇರೆ ಮಟ್ಟಗಳನ್ನು ಗೊತ್ತುಪಡಿಸಿ ಒಂದೇ ಬಣ್ಣಗಳನ್ನು ತುಂಬಬಹುದು. ಆಗ ಬರಗಾಲದ ವರ್ಷವೂ ಸುಭಿಕ್ಷದ ವರ್ಷವೂ ಅವಳಿ ಮಕ್ಕಳಂತೆ ಕಾಣುತ್ತವೆ. ಹೋಲಿಕೆಗಾಗಿ ರಚಿಸಿದ ಎಲ್ಲ ನಕ್ಷೆಗಳಿಗೂ ಮಟ್ಟಗಳನ್ನು ಒಂದೇ ಸಲ ಗೊತ್ತುಮಾಡಿ, ಬದಲಿಸದೆ ಬಳಸುವುದು ಅನುಲ್ಲಂಘನೀಯವಾದ ನಿಯಮವೆಂದು ನಮ್ಮ ಅಭಿಪ್ರಾಯ.

ಮಟ್ಟಗಳು ಆಡಳಿತದಲ್ಲಿಯೂ ಪರಿಣಾಮಕಾರಿಯಾಗಬಲ್ಲವು. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ವಾಡಿಕೆಗಿಂತ ಶೇಕಡ 19ರವರೆಗಿನ ಇಳಿತಾಯ 'ಸಾಮಾನ್ಯ'. ಶೇಕಡ 20ರಿಂದ 59ರವರೆಗೆ 'ಕೊರತೆ'. 60ರಿಂದ 99ರವರೆಗೆ 'ಭಾರಿ ಕೊರತೆ'. 19ಕ್ಕೂ 20ಕ್ಕೂ ನಡುವೆ ಹೊಲದಲ್ಲಿ ಯಾವ ಗೋಡೆಯೂ ಇಲ್ಲ. ನಕ್ಷೆಯಲ್ಲಿ ಬಣ್ಣವೇ ಬೇರೆ. ಎಲ್ಲಿಯಾದರೂ ಒಂದು ಕಡೆ ಗೆರೆ ಎಳೆಯಲೇಬೇಕು, ನಿಜ. ಇಲಾಖೆ ತನ್ನ ಗೆರೆಗಳನ್ನು ಬಹಿರಂಗವಾಗಿ ಹೇಳಿರುವುದರಿಂದಲೇ ಓದುವವರು ಅವುಗಳನ್ನು ವಿಮರ್ಶಿಸಬಹುದಾಗಿದೆ. ನಮ್ಮ ನಕ್ಷೆಗಳಿಗೂ ಇದೇ ಮರ್ಯಾದೆ ಸಲ್ಲಬೇಕು.

ಆದ್ದರಿಂದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಮ್ಮ ಸೂಚನೆ ಇಷ್ಟೆ. ಪ್ರತಿಯೊಂದು ನಕ್ಷೆಯ ಕೆಳಗೂ ಐದು ಸಂಗತಿಗಳನ್ನು ಬರೆಯಿರಿ: ಅಂಕಿಗಳು ಎಲ್ಲಿಂದ ಬಂದುವು ಮತ್ತು ಯಾವ ವರ್ಷಗಳಿಗೆ ಸೇರಿದವು, ಜಾಲದ ಅಂತರವೆಷ್ಟು, ಮಟ್ಟಗಳು ಯಾವುವು, ಅವು ಸಮಾನವೋ ಅಸಮಾನವೋ, ರೇಖೆಗಳನ್ನು ನಯಗೊಳಿಸಿದೆಯೋ ಇಲ್ಲವೋ, ಈ ಮಟ್ಟಗಳನ್ನೇ ಆಯ್ದುಕೊಂಡುದಕ್ಕೆ ಕಾರಣವೇನು. ಶಾಸನಪಾಠವನ್ನು ಪ್ರಕಟಿಸುವಾಗ, ಅಳಿಸಿಹೋದ ಅಕ್ಷರಗಳನ್ನು ನಾವು ಊಹಿಸಿ ತುಂಬಿದ್ದರೆ ಅದನ್ನು ಗುರುತುಮಾಡಿ ತೋರಿಸುತ್ತೇವೆ. ಅದೇ ಪ್ರಾಮಾಣಿಕತೆ ಇಲ್ಲಿಯೂ ಬೇಕು.

ಹೊಸ ನಕ್ಷೆಯನ್ನು ಮುಂದಿನ ವಾರ ಅದೇ ತರಗತಿಯಲ್ಲಿ ತೋರಿಸಿದೆವು. ಘಟ್ಟದ ವರ್ಣವೈಭವ ತಗ್ಗಿತ್ತು. ಹಿಂದೆ ಒಂದೇ ಬಣ್ಣವಾಗಿದ್ದ ಬಯಲುಸೀಮೆ ಐದು ವಲಯಗಳಾಗಿ ಬಿಡಿಸಿಕೊಂಡಿತ್ತು. ಆ ವಿದ್ಯಾರ್ಥಿ ತನ್ನ ಊರನ್ನು ಹುಡುಕಿ, ಬೆಂಗಳೂರಿನ ಬಣ್ಣದೊಡನೆ ಹೋಲಿಸಿ ನೋಡಿದನು. ಅನಂತರ 700ರ ರೇಖೆಯ ಮೇಲೆ ಬೆರಳಿಟ್ಟು, "ಇದನ್ನು ಇಲ್ಲಿಯೇ ಏಕೆ ಎಳೆದಿರಿ?" ಎಂದನು. ಈ ಸಲ ನಮ್ಮಲ್ಲಿ ಉತ್ತರವಿತ್ತು. ಉಳಿದ ಪಾಠದ ಹೊತ್ತೆಲ್ಲವೂ ಅದಕ್ಕೇ ವಿನಿಯೋಗವಾಯಿತು.